ನಡುಗಡ್ಡೆಯ ನಾಡೂ ವಿಜಯದ ಪದಕಗಳೂ

ಕೃಷ್ಣೆ ತುಂಗಭದ್ರೆಗಳು ಆಲಂಪುರದ ಸಮೀಪದಲ್ಲಿ ಒಂದಾಗುವುದಕ್ಕೆ ಮುನ್ನ ತಮ್ಮಿಬ್ಬರ ನಡುವೆ ಹಿಡಿದಿಟ್ಟುಕೊಂಡಿರುವ ಭೂಭಾಗವು, ಪಡುವಣದಲ್ಲಿ ರಾಯಚೂರನ್ನೂ ಮೂಡಣದಲ್ಲಿ ಗದ್ವಾಲವನ್ನೂ ಒಳಗೊಂಡು, ಕೃಷ್ಣೆಯ ಆಚೆಯ ದಡದ ಮಕ್ತಲ್ ನಾರಾಯಣಪೇಟೆಗಳನ್ನು ನೆರೆಯಾಗಿ ಪಡೆದು, ಬಹಮನಿ ಸುಲ್ತಾನರ ಕಾಲದಿಂದ ಕಂಪನಿ ಸರಕಾರದ ಕಾಲದವರೆಗೂ ಯಾವ ಅರಸನಿಗೂ ಸುಖನಿದ್ರೆಯನ್ನು ಕೊಡಲಿಲ್ಲ. ತೆಲುಗರು ಇದರ ಮೂಡಣ ಭಾಗವನ್ನು ನಡಿಗಡ್ಡ ಎಂದು ಕರೆದರು; ಪಾರಸೀಕ ದಫ್ತರಗಳು ಇಡಿಯ ಪ್ರದೇಶವನ್ನು ದೋಆಬ್ ಎಂದು ಬರೆದುಕೊಂಡವು; ಎರಡು ಹೊಳೆಗಳ ದಂಡೆಯಲ್ಲಿ ಕನ್ನಡವೂ ತೆಲುಗೂ ಒಂದೇ ಮನೆಯ ಜಗಲಿಯಲ್ಲಿ ಕುಳಿತು ಮಾತನಾಡುವುದು ಇಂದಿಗೂ ನಿಂತಿಲ್ಲ. ಇಂಥ ನಾಡಿನಲ್ಲಿ ರಾಜ್ಯಗಳ ಉದಯಾಸ್ತಗಳನ್ನು ಯಾರು, ಯಾವುದರ ಮೇಲೆ, ಯಾವ ಲಿಪಿಯಲ್ಲಿ ಬರೆದಿಟ್ಟರು ಎಂಬ ಪ್ರಶ್ನೆಯು, ಯಾರು ಗೆದ್ದರು ಎಂಬ ಪ್ರಶ್ನೆಗಿಂತ ಹೆಚ್ಚು ವಿಷಯವನ್ನು ತಿಳಿಸಬಲ್ಲುದೆಂದು ನನ್ನ ನಂಬುಗೆ.

ಮೊದಲು ಬರೆದದ್ದು ಕಲ್ಲಿನ ಮೇಲೆ. ಆಲಂಪುರದ ನವಬ್ರಹ್ಮ ದೇವಾಲಯಗಳ ಆವರಣದಲ್ಲಿ ಚಾಲುಕ್ಯರ ಕಾಲದ ಕನ್ನಡ ಶಾಸನಗಳಿವೆ. ಅವು ದತ್ತಿಯನ್ನು ಕೊಟ್ಟವನ ಹೆಸರನ್ನು ಹೇಳುವಂತೆಯೇ ಪಡೆದವನ ಹೆಸರನ್ನೂ, ಹೊಲದ ನಾಲ್ಕು ದಿಕ್ಕಿನ ಎಲ್ಲೆಯನ್ನೂ ಹೇಳುತ್ತವೆ. ರಾಯಚೂರು ಕೋಟೆಯ ಗೋಡೆಯಲ್ಲಿ ನಲ್ವತ್ತಡಿಗೂ ಮಿಗಿಲಾದ ಉದ್ದದ ಒಂದು ಮಹಾಶಿಲೆಯಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಗೋರೆ ಗನ್ನಯ ರೆಡ್ಡಿಯು ಕೋಟೆಯನ್ನು ಕಟ್ಟಿಸಿದ ವೃತ್ತಾಂತವನ್ನು ತೆಲುಗಿನಲ್ಲಿ ಹೊತ್ತ ಆ ಬಂಡೆಯ ನೆರೆಯಲ್ಲೇ, ಅಂಥದೊಂದು ಕಲ್ಲನ್ನು ಬಂಡಿಯ ಮೇಲೇರಿಸಿ ಕೋಣಗಳ ಸಾಲು ಎಳೆದು ತರುತ್ತಿರುವ ದೃಶ್ಯವನ್ನು ಶಿಲ್ಪಿಯು ಕೊರೆದಿದ್ದಾನೆ. ಕೋಟೆಯನ್ನು ಆಳಿದವನ ಹಿರಿಮೆಯನ್ನು ಹೇಳುವ ಲೇಖದ ಬದಿಯಲ್ಲಿ ಅದರ ಭಾರವನ್ನು ಹೊತ್ತವರನ್ನೂ ತೋರಿಸಬೇಕೆಂದು ಆತನಿಗೆ ಅನಿಸಿತಲ್ಲ, ಆ ಮನೋಧರ್ಮವನ್ನು ನಾವು ಮುಂದೆ ಬೇರೊಂದು ಬಗೆಯ ಸ್ಮಾರಕದ ಎದುರು ನಿಂತಾಗ ನೆನೆಯಬೇಕಾಗುತ್ತದೆ. ಇನ್ನು ಕನ್ನಡ ನಾಡಿನ ಊರೂರ ಹೊರಗೆ ನಿಂತ ವೀರಗಲ್ಲುಗಳಂತೂ ತುರುಗಾಳಗದಲ್ಲಿ ಮಡಿದ ಸಾಮಾನ್ಯನಿಗಾಗಿಯೇ ಹುಟ್ಟಿದವು.

ವಿಜಯವನ್ನು ಅಂಗೈಯಗಲದ ಲೋಹದ ಬಿಲ್ಲೆಯ ಮೇಲೆ ಅಚ್ಚೊತ್ತಿ, ಹಂಚಿ, ಜನರ ಎದೆಯ ಮೇಲೆ ತೂಗಿಸುವ ಪದ್ಧತಿಯು ನಮಗೆ ಯುರೋಪಿನಿಂದ ಬಂದದ್ದು. ಇಟಲಿಯಲ್ಲಿ ಹದಿನೈದನೆಯ ಶತಮಾನದ ಪಿಸಾನೆಲ್ಲೊ ಎಂಬ ಚಿತ್ರಕಾರನ ಕೈಯಲ್ಲಿ ರೂಪುಗೊಂಡ ಈ ಕಲೆಯನ್ನು ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯು ರಾಜ್ಯದ ಕಾರ್ಯವನ್ನಾಗಿ ಮಾಡಿದನು. ತನ್ನ ಆಳಿಕೆಯ ಘಟನೆಗಳನ್ನು ಪದಕಗಳ ಸಾಲಿನಲ್ಲಿ ನಿರೂಪಿಸುವುದಕ್ಕಾಗಿ ಪಂಡಿತರ ಮಂಡಲಿಯೊಂದನ್ನು ನೇಮಿಸಿ, 1702ರಲ್ಲಿ ಆ ಪದಕಗಳ ಚರಿತ್ರೆಯನ್ನು ದೊಡ್ಡ ಗ್ರಂಥವಾಗಿ ಮುದ್ರಿಸಿದನು. ನಾಣ್ಯವು ಸಂತೆಯಲ್ಲಿ ಕೈಯಿಂದ ಕೈಗೆ ಹೋಗಿ ಸವೆಯುವುದು. ಪದಕಕ್ಕೆ ಆ ಗೋಳಿಲ್ಲ. ಅದು ಏನನ್ನೂ ಕೊಳ್ಳದು, ಒಂದು ಮಾತನ್ನು ಮಾತ್ರ ಹೇಳುವುದು; ಆ ಮಾತು ಎಂದಿಗೂ ಗೆದ್ದವನ ಬಾಯಿಂದಲೇ ಹೊರಡುವುದು.

ನಮ್ಮ ನಾಡಿಗೆ ಆ ಮಾತು ಬಂದ ದಾರಿ ಪಾನಗಲ್ಲಿನಿಂದ ಆರಂಭವಾಗುತ್ತದೆ. ಕೃಷ್ಣೆಯ ಬಡಗಣ ದಡದಿಂದ ಬಹು ದೂರವಲ್ಲದ, ಇಂದು ವನಪರ್ತಿ ಜಿಲ್ಲೆಗೆ ಸೇರಿರುವ ಆ ಗಿರಿದುರ್ಗದಲ್ಲಿ 1790ರ ಜುಲೈ 4ರಂದು ನಿಜಾಮ್ ಅಲಿ ಖಾನನಿಗೂ ಈಸ್ಟ್ ಇಂಡಿಯಾ ಕಂಪನಿಗೂ ಟಿಪ್ಪು ಸುಲ್ತಾನನ ವಿರುದ್ಧ ಕೌಲು ನಡೆಯಿತು. ಪುಣೆಯ ಪೇಶ್ವೆಯ ಕೌಲು ಅದಕ್ಕೆ ತಿಂಗಳೊಂದರ ಹಿಂದೆಯೇ ಆಗಿದ್ದಿತು. ನಿಜಾಮನು ತಾನೇ ಪಾನಗಲ್ಲಿಗೆ ಬಂದು ಬೀಡುಬಿಟ್ಟಿರಲು, ಅವನ ಪಡೆಗಳು ದೋಆಬನ್ನು ಹಾದು ತುಂಗಭದ್ರೆಗೆ ಹತ್ತಿರದ ಕೊಪ್ಪಳವನ್ನು ಮುತ್ತಿ ತಿಂಗಳುಗಟ್ಟಲೆ ಕುಳಿತವು. ಈ ಅಲೆದಾಟಕ್ಕೆ ಜೋಳವನ್ನೂ ಹುಲ್ಲನ್ನೂ ಎತ್ತುಗಳನ್ನೂ ಒದಗಿಸಿದ್ದು ಸೈನ್ಯಗಳ ಹಾದಿಯಲ್ಲಿ ಬಿದ್ದ ಹಳ್ಳಿಗಳು ಎಂಬುದನ್ನು ಯುದ್ಧದ ಇತಿಹಾಸ ಬಲ್ಲ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆ ಸಮರದ ಕೊನೆಯಲ್ಲಿ, 1792ರ ಫೆಬ್ರುವರಿಯಲ್ಲಿ, ಟಿಪ್ಪುವು ತನ್ನ ರಾಜ್ಯದ ಅರ್ಧವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಗಳನ್ನೂ ಕೊಡಲೊಪ್ಪಿ, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಳುಗಳನ್ನಾಗಿ ಕಾರ್ನ್‌ವಾಲಿಸನ ಪಾಳೆಯಕ್ಕೆ ಕಳುಹಿಸಿದನು. ರಾಜ್ಯವನ್ನು ಹಂಚಿಕೊಂಡವರು ಮೂವರು: ಕಂಪನಿ, ಪೇಶ್ವೆ, ನಿಜಾಮ. ಆದರೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಹತ್ತಿರ ಸೋಹೋ ಎಂಬಲ್ಲಿ ಮ್ಯಾಥ್ಯೂ ಬೋಲ್ಟನನ ಕಾರ್ಖಾನೆಗೆ ಕೆಲಸ ಮಾಡುತ್ತಿದ್ದ ಕ್ಯೂಖ್ಲರ್ ಎಂಬ ಜರ್ಮನ್ ಕಲಾವಿದನು ಆ ಘಟನೆಗಾಗಿ ಕೊರೆದ ಪದಕದಲ್ಲಿ ಗೆದ್ದವನು ಒಬ್ಬನೇ. ಒಂದು ಮುಖದಲ್ಲಿ ಕಾರ್ನ್‌ವಾಲಿಸನ ಮುಖಬಿಂಬ. ಇನ್ನೊಂದರಲ್ಲಿ ಅವನು ರಾಜಪುತ್ರರನ್ನು ಬರಮಾಡಿಕೊಳ್ಳುವ ದೃಶ್ಯ. ಸುತ್ತ ಲ್ಯಾಟಿನ್ ಭಾಷೆಯಲ್ಲಿ, ಶತ್ರುವನ್ನು ಕ್ಷಮಿಸುವುದು ಧರ್ಮವಾಗಲಿ ಎಂಬ ಅರ್ಥದ ವಾಕ್ಯ. ಅರ್ಧ ರಾಜ್ಯವನ್ನು ಕಿತ್ತುಕೊಂಡು ಹಸುಳೆಗಳನ್ನು ತಂದೆಯಿಂದ ಅಗಲಿಸಿದ ಸಂದರ್ಭಕ್ಕೆ ಕ್ಷಮೆಯ ಹೆಸರನ್ನಿಟ್ಟ ಆ ಪದಕವು, ನೋಡುವವನ ಕಣ್ಣಿಗೆ ಕರುಣಾಳುವಾದ ಒಬ್ಬ ಶ್ವೇತಪ್ರಭುವನ್ನು ಮಾತ್ರ ಉಳಿಸಿತು. ಪಾನಗಲ್ಲಿನ ಕೌಲಿಗೂ ಕೊಪ್ಪಳದ ಮುತ್ತಿಗೆಗೂ ಅದರ ಲೇಖದಲ್ಲಿ ಎಡೆಯಿಲ್ಲ.

ಇದೇ ಯುದ್ಧಕ್ಕೆ ಕಂಪನಿಯು ತನ್ನ ದೇಶೀಯ ಸಿಪಾಯಿಗಳಿಗಾಗಿ ಅಚ್ಚೊತ್ತಿಸಿದ ಪದಕವು ಇದಕ್ಕಿಂತ ಸರಳವಾದದ್ದು, ನನಗೆ ಇದಕ್ಕಿಂತ ಪ್ರಿಯವಾದದ್ದು ಸಹ. ಒಬ್ಬ ಸಿಪಾಯಿ ಬಿದ್ದ ತೋಪಿನ ಮೇಲೆ ಕಾಲಿಟ್ಟು, ಬ್ರಿಟಿಷ್ ಧ್ವಜವನ್ನು ಎತ್ತಿಹಿಡಿದು, ಶತ್ರುವಿನ ಧ್ವಜವನ್ನು ತಲೆಕೆಳಗಾಗಿ ಹಿಡಿದು ನಿಂತಿದ್ದಾನೆ. ಹಿಂದೆ ಶ್ರೀರಂಗಪಟ್ಟಣದ ಕೋಟೆ. ಮರುಬದಿಯಲ್ಲಿ ಇಂಗ್ಲಿಷ್ ವಾಕ್ಯದ ಸುತ್ತ ಪಾರಸೀಕ ಬರಹ. ಕ್ರಿಸ್ತಶಕ 1791-1792, ಹಿಜರಿ 1205-1206. ಸಿಪಾಯಿಯ ಮುಖ ಯಾವೊಬ್ಬನದೂ ಅಲ್ಲ. ಆದರೂ ಹಿಂದುಸ್ಥಾನದ ಒಬ್ಬ ಕಾಲಾಳು ಪದಕದ ನಡುವೆ ನಿಂತುದು, ಅವನ ಕಾಲ ಕೆಳಗಿನ ತೋಪು ಇನ್ನೊಬ್ಬ ಹಿಂದುಸ್ಥಾನದವನದೇ ಆಗಿದ್ದುದು, ಈ ಎರಡನ್ನೂ ಕೂಡಿಸಿ ಓದಿದಾಗ ಕಂಪನಿಯ ರಾಜ್ಯವು ಹೇಗೆ ಬೆಳೆಯಿತೆಂಬುದಕ್ಕೆ ಬೇರೆ ಭಾಷ್ಯ ಬೇಡವಾಗುತ್ತದೆ.

ಆರು ವರ್ಷ ಕಳೆಯಿತು. 1798ರಲ್ಲಿ ಹೊಸ ಕೌಲಿನ ಪ್ರಕಾರ ನಿಜಾಮನು ತನ್ನ ಫ್ರೆಂಚ್ ಅಧಿಕಾರಿಗಳ ಪಡೆಯನ್ನು ಚದುರಿಸಿ ಕಂಪನಿಯ ಬಾಡಿಗೆಯ ಪಡೆಯನ್ನು ಇರಿಸಿಕೊಂಡನು. ಮರುವರ್ಷ ಮೀರ್ ಆಲಮನ ಮುಂದಾಳುತನದಲ್ಲಿ ಹೈದರಾಬಾದಿನ ಸೈನ್ಯವು ಮೈಸೂರಿನ ಕಡೆಗೆ ನಡೆದಾಗ, ಆರ್ಥರ್ ವೆಲ್ಲೆಸ್ಲಿಯ 33ನೆಯ ರೆಜಿಮೆಂಟನ್ನು ಅದಕ್ಕೆ ಜತೆಗೂಡಿಸಿದರು. 1799ರ ಮೇ 4ರ ಮಧ್ಯಾಹ್ನ ಶ್ರೀರಂಗಪಟ್ಟಣ ಬಿದ್ದಿತು. ಟಿಪ್ಪು ಕೋಟೆಯ ಬಾಗಿಲಲ್ಲಿ ಹೋರಾಡುತ್ತ ಮಡಿದನು.

ಆ ಜಯದ ಪದಕವು ಸೋಹೋದಲ್ಲಿ, ಉಗಿಯಂತ್ರದ ಬಲದಿಂದ, ಅದೇ ಕ್ಯೂಖ್ಲರನ ಅಚ್ಚಿನಿಂದ ಸಿದ್ಧವಾಯಿತು. ಕಲ್ಕತ್ತೆಯ ಟಂಕಸಾಲೆಯೂ ಅದರ ಇನ್ನೊಂದು ಆವೃತ್ತಿಯನ್ನು ಅಚ್ಚೊತ್ತಿತು. ಒಂದು ಮುಖದಲ್ಲಿ ಸಿಂಹವೊಂದು ಹುಲಿಯನ್ನು ನೆಲಕ್ಕೆ ಕೆಡವಿ ಅದರ ಮೇಲೆ ಎರಗಿದೆ. ಸಿಂಹ ಇಂಗ್ಲೆಂಡು, ಹುಲಿ ಮೈಸೂರು. ಓದು ಬಾರದವನಿಗೂ ತಿಳಿಯುವ ಚಿತ್ರ. ಹಿಂದೆ ಹಾರುವ ಪತಾಕೆಯ ಮೇಲೆ ಅರಬ್ಬಿಯಲ್ಲಿ "ಅಸದುಲ್ಲಾಹ್ ಅಲ್-ಗಾಲಿಬ್", ದೇವರ ಸಿಂಹವೇ ಗೆಲ್ಲುವುದು. ಈ ವಚನವನ್ನು ಆರಿಸಿದವರು ಬಲ್ಲವರೇ ಇರಬೇಕು. ಏಕೆಂದರೆ ಇದು ಟಿಪ್ಪುವಿನ ಸ್ವಂತ ಬಿರುದು. ಹುಲಿಮೊಗದ ಆಕಾರದಲ್ಲಿ ಅಕ್ಷರಗಳನ್ನು ಹೆಣೆದು ಅವನು ತನ್ನ ಧ್ವಜಗಳ ಮೇಲೂ ಆಯುಧಗಳ ಮೇಲೂ ಬರೆಯಿಸಿದ್ದ ವಾಕ್ಯವನ್ನೇ ಕಿತ್ತು, ಅವನನ್ನು ಕೊಂದ ಸಿಂಹದ ಪತಾಕೆಗೆ ಅಂಟಿಸಿದರು. ರಾಜ್ಯವನ್ನು ಗೆದ್ದುದರಿಂದ ತೃಪ್ತಿಯಾಗದೆ ಸತ್ತವನ ಮಾತನ್ನೂ ಗೆದ್ದುಕೊಂಡ ಇಂಥ ನಿದರ್ಶನವು ಪದಕಗಳ ಚರಿತ್ರೆಯಲ್ಲಿ ವಿರಳ. ಮರುಬದಿಯಲ್ಲಿ ಒಡೆದ ಕೋಟೆಯ ಬಿರುಕಿನ ಮೇಲೆ ಏರುವ ಪಡೆ. ಮುತ್ತಿಗೆಯ ಹೊತ್ತನ್ನು ಸೂಚಿಸಲು ನಡುನೆತ್ತಿಯ ಸೂರ್ಯ. ಅಡಿಯಲ್ಲಿ ಪಾರಸೀಕದಲ್ಲಿ ಹಿಜರಿ 1213ರ ಜೀಕಾದ 28ರ ತಿಥಿ.

ಈ ಪದಕವನ್ನು ಸೇನೆಯ ಎಲ್ಲ ಅಂತಸ್ತಿನವರಿಗೂ ಕೊಟ್ಟರೆಂಬುದು ಅದರ ಹೆಚ್ಚುಗಾರಿಕೆ. ಆದರೆ ಕೊಟ್ಟ ಬಗೆಯನ್ನು ನೋಡಬೇಕು: ಸೇನಾಧಿಪತಿಗಳಿಗೆ ಚಿನ್ನ, ಅವರ ಕೆಳಗಿನ ದೊಡ್ಡ ಅಧಿಕಾರಿಗಳಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಕಿರಿಯ ಅಧಿಕಾರಿಗಳಿಗೆ ಬರಿಯ ಬೆಳ್ಳಿ, ಹವಾಲ್ದಾರ ಮೊದಲಾದವರಿಗೆ ಕಂಚು, ಗೋರಾ ಸೋಲ್ಜರನಿಗೂ ಕರಿಯ ಸಿಪಾಯಿಗೂ ತವರ. ಎಲ್ಲರಿಗೂ ಒಂದೇ ಸಿಂಹ, ಒಂದೇ ಹುಲಿ. ಲೋಹ ಮಾತ್ರ ಐದು. ಹಂಚಿಕೆಯು 1808ರ ವೇಳೆಗೆ ನಡೆದುದರಿಂದ ಅನೇಕರು ಅದನ್ನು ಕಾಣುವಷ್ಟರಲ್ಲಿ ಕಾಲವಾಗಿದ್ದರು. ತವರವು ಮೃದುವಾದ ಲೋಹ, ಉಜ್ಜಿದಷ್ಟೂ ರೇಖೆಗಳು ಅಳಿಯುವುವು. ಬಂಗಾರದ ಸಿಂಹವು ಇನ್ನೂರು ವರ್ಷಗಳ ಮೇಲೂ ಕೇಸರವನ್ನು ಕೆದರಿಕೊಂಡೇ ನಿಂತಿರುವುದು. ನಮ್ಮ ವೀರಗಲ್ಲು ಮಡಿದವನಿಗಾಗಿ ನಿಲ್ಲುತ್ತಿತ್ತು, ಅವನ ಊರಿನ ಭಾಷೆಯಲ್ಲಿ ಅವನ ಹೆಸರನ್ನು ಹೇಳುತ್ತಿತ್ತು. ಈ ಪದಕದಲ್ಲಿ ರೋಮನ್ ಅಂಕಿಗಳಿವೆ, ಅರಬ್ಬಿಯಿದೆ, ಪಾರಸೀಕವಿದೆ; ಕನ್ನಡ ನಾಡಿನ ಕೋಟೆಯ ಚಿತ್ರದ ಕೆಳಗೆ ಕನ್ನಡದ ಒಂದಕ್ಷರವಿಲ್ಲ. ಕೋಟೆಯನ್ನು ಕಾದವರೂ ಮುತ್ತಿದವರಲ್ಲಿ ಅನೇಕರೂ ಆಡುತ್ತಿದ್ದ ನುಡಿಗಳು ಆಳುವವರ ದೃಷ್ಟಿಯಲ್ಲಿ ಲೋಹಕ್ಕೆ ಏರುವ ಯೋಗ್ಯತೆಯುಳ್ಳವಾಗಿರಲಿಲ್ಲ.

ಜಯದ ಫಲವೇನಾಯಿತು? ನಿಜಾಮನಿಗೆ 1792ರಲ್ಲಿಯೂ 1799ರಲ್ಲಿಯೂ ಟಿಪ್ಪುವಿನ ರಾಜ್ಯದ ಪಾಲು ದೊರೆತುದು ನಿಜ. ಆದರೆ 1800ರ ಅಕ್ಟೋಬರ್ 12ರ ಕೌಲಿನಿಂದ, ತನ್ನ ಆಸ್ಥಾನದಲ್ಲಿ ಇರಿಸಿಕೊಂಡ ಕಂಪನಿಯ ಪಡೆಯ ವೆಚ್ಚಕ್ಕಾಗಿ, ಆ ಪಾಲನ್ನೆಲ್ಲ ಆದವಾನಿಯನ್ನೂ ಕೂಡಿಸಿ ಕಂಪನಿಗೇ ಬಿಟ್ಟುಕೊಟ್ಟನು. ಬಳ್ಳಾರಿ, ಅನಂತಪುರ, ಕಡಪಗಳು ದತ್ತಮಂಡಲಗಳೆಂಬ ಹೆಸರಿನಿಂದ ಥಾಮಸ್ ಮನ್ರೋನ ಕಂದಾಯ ಶಾಸನದ ಕೆಳಗೆ ಹೋದವು. ತುಂಗಭದ್ರೆಯೇ ಎಲ್ಲೆಯಾಯಿತು. ಅದುವರೆಗೆ ಹೆಣ್ಣುಕೊಟ್ಟು ತಂದು ಬದುಕಿದ್ದ ಎರಡು ದಡಗಳ ಜನ ಒಂದೇ ಹೊಳೆಯ ನೀರನ್ನು ಎರಡು ಸರಕಾರಗಳ ಪ್ರಜೆಗಳಾಗಿ ಕುಡಿದರು; ಗದ್ವಾಲ ಆಲಂಪುರಗಳು ನಿಜಾಮನ ಸೀಮೆಯ ಕಟ್ಟಕಡೆಯ ಊರುಗಳಾದವು. ನಮ್ಮ ಪ್ರದೇಶದ ಮಟ್ಟಿಗೆ ಶ್ರೀರಂಗಪಟ್ಟಣದ ಪತನದ ನಿಜವಾದ ಸ್ಮಾರಕವು ಈ ಗಡಿಯೇ ಎಂದು ನಾನು ತಿಳಿದಿದ್ದೇನೆ. ಸಿಂಹ ಹುಲಿಗಳ ಆ ಚಿತ್ರದಲ್ಲಿ ಇದಕ್ಕೆ ಯಾವ ಸೂಚನೆಯೂ ಇಲ್ಲ.

ಸೋಹೋದ ಉಗಿಯಂತ್ರಗಳು ಸಾವಿರಾರು ಬಿಲ್ಲೆಗಳನ್ನು ಉದುರಿಸಿದ ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಈ ಕಡೆಯಲ್ಲಿಯೂ ಲೋಹ ಮಾತನಾಡುತ್ತಿತ್ತು. ಸೀರೆಗೆ ಹೆಸರಾದ ನಾರಾಯಣಪೇಟೆಯಲ್ಲಿ ಒಂದು ಟಂಕಸಾಲೆಯಿತ್ತು. ಅಲ್ಲಿಯ ರೂಪಾಯಿಯ ಮೇಲೆ ಊರಿನ ಹೆಸರು ನಾರಾಯಣಪೇಟೆಯಲ್ಲ, ದಿಲ್‌ಶಾದಾಬಾದ್. ಸೋಮನಾದ್ರಿಯ ವಂಶದವರು ಆಳುತ್ತಿದ್ದ ಗದ್ವಾಲ ಸಂಸ್ಥಾನದಲ್ಲಿಯೂ, ವನಪರ್ತಿಯ ದೊರೆಗಳ ಸೂಗೂರಿನಲ್ಲಿಯೂ, ಆಚೆಯ ಸುರಪುರದಲ್ಲಿಯೂ ನಾಣ್ಯಗಳು ಹುಟ್ಟುತ್ತಿದ್ದವು. ಸುತ್ತಿಗೆಯ ಪೆಟ್ಟಿಗೆ ಅರ್ಧ ಅಚ್ಚು ಬಿದ್ದು ಅರ್ಧ ಜಾರಿದ ಆ ದಪ್ಪ ಬೆಳ್ಳಿಯ ತುಂಡುಗಳ ಮೇಲೆ ಸ್ಥಳೀಯ ದೊರೆಯ ಹೆಸರಿರಲಿಲ್ಲ. ಕೆಂಪುಕೋಟೆಯ ಹೊರಗೆ ಅಧಿಕಾರವೇ ಉಳಿಯದಿದ್ದ ದೆಹಲಿಯ ಬಾದಶಹನ ಹೆಸರು ಇತ್ತು. ನಿಜಾಮನೂ ಅದನ್ನೇ ಮಾಡುತ್ತಿದ್ದನು. ಪ್ರಜೆಯು ಸಂಸ್ಥಾನಿಕನಿಗೆ, ಸಂಸ್ಥಾನಿಕನು ನಿಜಾಮನಿಗೆ, ನಿಜಾಮನು ಬಾದಶಹನಿಗೆ ತಲೆಬಾಗುವ ಏಣಿಯೊಂದನ್ನು ನಾಣ್ಯವು ತೋರಿಸುತ್ತಿತ್ತು, ಏಣಿಯ ಬಹುಪಾಲು ಮೆಟ್ಟಿಲುಗಳು ಆ ಹೊತ್ತಿಗೆ ಮುರಿದುಹೋಗಿದ್ದರೂ ಸಹ. 1853ರಲ್ಲಿ ದಿವಾನನಾದ ಮೊದಲನೆಯ ಸಾಲಾರ್ ಜಂಗನು ಚದುರಿದ್ದ ಟಂಕಸಾಲೆಗಳನ್ನು ಮುಚ್ಚಿಸಿ, ಹೈದರಾಬಾದಿನಲ್ಲಿಯೇ ಹಾಲಿ ಸಿಕ್ಕಾ ಎಂಬ ನಾಣ್ಯವನ್ನು ಅಚ್ಚೊತ್ತಿಸುವ ಏರ್ಪಾಡನ್ನು ಮಾಡಿದನು.

1857 ಎಲ್ಲವನ್ನೂ ಕದಲಿಸಿತು. ಬಾದಶಹನು ಸೆರೆಯಾಗಿ ರಂಗೂನಿಗೆ ಹೋದನು. ಹಾಲಿ ಸಿಕ್ಕಾದ ಮೇಲೆ ಅವನ ಹೆಸರಿನ ಜಾಗದಲ್ಲಿ ಅಸಫ್ ಜಾಹನ ಬಿರುದೂ, ಪ್ರವಾದಿಯ ಹೆಸರಿನ ಅಕ್ಷರಗಳ ಬೆಲೆಯ ಮೊತ್ತವಾದ 92 ಎಂಬ ಅಂಕಿಯೂ ಬಂದು ಕುಳಿತವು. ಸುರಪುರದ ತರುಣ ದೊರೆ ರಾಜಾ ವೆಂಕಟಪ್ಪ ನಾಯಕನು 1858ರ ಫೆಬ್ರುವರಿಯಲ್ಲಿ ಕಂಪನಿಯ ಪಡೆಯನ್ನು ಎದುರಿಸಿ, ಸೋತು, ಹೈದರಾಬಾದಿನಲ್ಲಿ ಸೆರೆಸಿಕ್ಕಿ, ಆ ವರ್ಷವೇ ಗುಂಡಿಗೆ ಬಲಿಯಾದನು. ಆ ದಂಗೆಯನ್ನು ಅಡಗಿಸಿದವರಿಗೆ ವಿಕ್ಟೋರಿಯಾ ರಾಣಿಯ ಮುಖವುಳ್ಳ ಬೆಳ್ಳಿಯ ಪದಕ ಬಂದಿತು; ಹೈದರಾಬಾದ್ ಕಂಟಿಂಜೆಂಟಿನ ಸವಾರರೂ ಕಾಲಾಳುಗಳೂ ಝಾನ್ಸಿಯ ಕಡೆ ಹ್ಯೂ ರೋಸನ ಕೆಳಗೆ ಕಾದಿದ್ದರಿಂದ ಅವರ ಪದಕದ ಪಟ್ಟಿಗೆ ಮಧ್ಯಹಿಂದುಸ್ಥಾನ ಎಂಬ ಹೆಸರಿನ ಕೊಂಡಿಯೊಂದು ಸೇರಿತು. ದೆಹಲಿಗೂ ಲಖನೌಗೂ ಅಂಥ ಕೊಂಡಿಗಳಿದ್ದವು, ಸುರಪುರಕ್ಕೆ ಇರಲಿಲ್ಲ. ಕೃಷ್ಣೆಯ ದಂಡೆಯ ಬೇಡರ ಹೋರಾಟವು ಲೋಹದ ಲೆಕ್ಕಕ್ಕೆ ಹಿಡಿಯದಷ್ಟು ಸಣ್ಣದೆಂದು ಅವರಿಗೆ ತೋರಿದ್ದಿರಬೇಕು. ಸುರಪುರದ ನೆಲವನ್ನು ಮಾತ್ರ ಅವರು ಸಣ್ಣದೆಂದು ತಿಳಿಯಲಿಲ್ಲ: 1860ರ ಕೌಲಿನಲ್ಲಿ ಅದನ್ನು ನಿಜಾಮನ ನಿಷ್ಠೆಗೆ ಬಹುಮಾನವಾಗಿ ಕೊಟ್ಟರು, 1853ರಲ್ಲಿ ಡಾಲ್‌ಹೌಸಿಯು ಸಾಲಕ್ಕೆ ಹಿಡಿದಿದ್ದ ರಾಯಚೂರು ದೋಆಬನ್ನು ಹಿಂತಿರುಗಿಸಿದರು, 50 ಲಕ್ಷ ರೂಪಾಯಿಗಳ ಸಾಲವನ್ನು ಹೊಡೆದುಹಾಕಿದರು. ಏಳು ವರ್ಷ ಗೋರಾ ಅಧಿಕಾರಿಗಳಿಗೆ ಕಂದಾಯ ಕೊಟ್ಟಿದ್ದ ದೋಆಬಿನ ರೈತನು ಮತ್ತೆ ನಿಜಾಮನಿಗೆ ಕೊಡತೊಡಗಿದನು. ಅವನನ್ನು ಯಾರೂ ಕೇಳಲಿಲ್ಲ.

ಬಹುಮಾನದ ಸಾಲಿನಲ್ಲಿಯೇ 1861ರಲ್ಲಿ ಸ್ಥಾಪಿತವಾದ ಭಾರತತಾರಾ ಪದವಿಯೂ ನಿಜಾಮ್ ಅಫ್ಜಲುದ್ದೌಲನಿಗೆ ಬಂದಿತು. ಅದರ ಲಾಂಛನದಲ್ಲಿ ರಾಣಿಯ ಮುಖದ ಪ್ರತಿಮೆ ತೂಗುತ್ತಿತ್ತು. ಜೀವಿಯ ಬಿಂಬವನ್ನು ಮೈಮೇಲೆ ಧರಿಸುವುದು ತಮ್ಮ ಧರ್ಮಕ್ಕೆ ನಿಷಿದ್ಧವೆಂದೂ, ವಿಧಿಸಿದ ನಿಲುವಂಗಿಯು ತಮ್ಮ ಸೀಮೆಯ ಉಡುಪಿಗೆ ಹೊಂದದೆಂದೂ ಸಾಲಾರ್ ಜಂಗನ ಮೂಲಕ ನಿಜಾಮನು ಆಕ್ಷೇಪವನ್ನು ತಿಳಿಸಿದನು. ಸರಕಾರವು ಒಪ್ಪಲಿಲ್ಲ, ಕೊನೆಗೆ ಬಾಗಬೇಕಾದವನು ನಿಜಾಮನೇ. ಕೊಪ್ಪಳವನ್ನು ಮುತ್ತಿದ ಕಾಲದಲ್ಲಿ ಅವನ ಪೂರ್ವಜನು ಕಂಪನಿಗೆ ಸಮಾನ ಮಿತ್ರ. ಎಪ್ಪತ್ತು ವರ್ಷಗಳ ಮೇಲೆ ತನ್ನ ಎದೆಯ ಮೇಲೆ ಯಾವ ಮುಖ ತೂಗಬೇಕೆಂಬುದನ್ನೂ ನಿಶ್ಚಯಿಸಲಾರದವನು. ಹಿಂದುಸ್ಥಾನದ ಸಂಸ್ಥಾನಗಳ ಸ್ಥಿತಿಯನ್ನು ಬಗೆಬಗೆಯ ಕೌಲುಗಳ ಭಾಷೆಯಿಂದ ಬಿಡಿಸುವುದಕ್ಕಿಂತ ಈ ಒಂದು ಪ್ರಸಂಗದಿಂದ ತಿಳಿಯುವುದು ಸುಲಭ.

ಅನಂತರದ ದರಬಾರುಗಳ ಪದಕಗಳನ್ನು ಬೇಗನೆ ದಾಟಬಹುದು. 1877ರ ಮೊದಲ ದಿನ ದೆಹಲಿಯಲ್ಲಿ ವಿಕ್ಟೋರಿಯಾ ರಾಣಿಯನ್ನು ಚಕ್ರವರ್ತಿನಿಯೆಂದು ಸಾರಿದಾಗ, ಬಾಲಕ ನಿಜಾಮ್ ಮಹಬೂಬ್ ಅಲಿ ಖಾನನು ಸಾಲಾರ್ ಜಂಗನೊಡನೆ ಅಲ್ಲಿದ್ದನು. ಆಗಿನ ಪದಕದಲ್ಲಿ ಇಂಗ್ಲಿಷಿನೊಡನೆ ಪಾರಸೀಕವೂ, ನಾಗರಿಯಲ್ಲಿ "ಹಿಂದ್ ಕಾ ಕೈಸರ್" ಎಂಬ ಮಾತೂ ಕಾಣಿಸಿದವು. ದಕ್ಷಿಣದ ನುಡಿಗಳು ಆಗಲೂ ಕಾಣಿಸಲಿಲ್ಲ. 1902ರಲ್ಲಿ ಬೇರಾರ್ ಪ್ರಾಂತವನ್ನು ಕರ್ಜನನಿಗೆ ಶಾಶ್ವತ ಗುತ್ತಿಗೆಗೆ ಕೊಟ್ಟ ಅದೇ ನಿಜಾಮನ ಕಾಲದಲ್ಲಿ, ಯಂತ್ರದಿಂದ ಅಚ್ಚಾದ ಚಾರ್‌ಮಿನಾರಿನ ರೂಪಾಯಿ ಚಲಾವಣೆಗೆ ಬಂದಿತು. ಮುಖವಿಲ್ಲ, ಸಿಂಹವಿಲ್ಲ, ನಾಲ್ಕು ಕಂಬಗಳ ಒಂದು ಕಟ್ಟಡ, ಅದರ ಬಾಗಿಲಲ್ಲಿ ಮಹಬೂಬನ ಹೆಸರಿನ ಮೊದಲಕ್ಷರ ಮೀಮ್, ಮುಂದೆ ಉಸ್ಮಾನ್ ಅಲಿ ಖಾನನ ಕಾಲದಲ್ಲಿ ಅದೇ ಬಾಗಿಲಲ್ಲಿ ಐನ್. ತಂದೆ ಅಫ್ಜಲುದ್ದೌಲನ ಮೇಲೆ ಹೇರಿದ ಮುಖಬಿಂಬದ ಲಾಂಛನಕ್ಕೆ ಮಗ ಮಹಬೂಬನ ನಾಣ್ಯವು ಕೊಟ್ಟ ಉತ್ತರ ಇದೆಂದು ಎಣಿಸಲು ನನಗೆ ಆಸೆಯಾಗುತ್ತದೆ. ಮಕ್ತಲದ ಸಂತೆಯಲ್ಲಿಯೂ ಗದ್ವಾಲದ ನೇಕಾರರ ಕೇರಿಯಲ್ಲಿಯೂ ಓಡಾಡಿದ್ದು ಈ ಹಾಲಿ. ಹೊಳೆಯಾಚೆಯ ಕರ್ನೂಲಿಗೆ ಹೋದರೆ ಬ್ರಿಟಿಷರ ರೂಪಾಯಿಯಾದ ಕಲ್ದಾರ ಬೇಕು, ನೂರು ಕಲ್ದಾರಕ್ಕೆ ನೂರಹದಿನಾರು ಹಾಲಿಗೂ ಮೇಲೆ. 1800ರಲ್ಲಿ ಎಳೆದ ಗೆರೆಯು ಹೀಗೆ ಸೀರೆ ಮಾರುವವನ ಗಂಟಿನಲ್ಲಿಯೂ ಕುಳಿತಿತ್ತು.

ಕೊನೆಯದಾಗಿ ಒಂದು ಪದಕವನ್ನು ಕುರಿತು ಹೇಳಬೇಕು. 1947ರ ಆಗಸ್ಟ್ 15ರಂದು ಸೇವೆಯಲ್ಲಿದ್ದ ಭಾರತೀಯ ಯೋಧರಿಗಾಗಿ ಸ್ವಾತಂತ್ರ್ಯ ಪದಕವೊಂದು ಹುಟ್ಟಿತು. ಒಂದು ಮುಖದಲ್ಲಿ ಅಶೋಕನ ಧರ್ಮಚಕ್ರ; ಚಕ್ರದ ಮೇಲೆ ಬ್ರಿಟಿಷ್ ಕಿರೀಟ; ಸುತ್ತ ಆರನೆಯ ಜಾರ್ಜನ ಲ್ಯಾಟಿನ್ ಬಿರುದುಗಳು. ಇನ್ನೊಂದರಲ್ಲಿ ಸಾರನಾಥದ ಸಿಂಹಗಳು. ಗಣರಾಜ್ಯವಾಗುವುದಕ್ಕೆ ಮುನ್ನ ಭಾರತವು ಡೊಮಿನಿಯನ್ ಆಗಿದ್ದ ಎರಡೂವರೆ ವರ್ಷಗಳ ದ್ವಂದ್ವಸ್ಥಿತಿಯನ್ನು ಇದಕ್ಕಿಂತ ಸ್ಪಷ್ಟವಾಗಿ ಯಾವ ಲೇಖವೂ ಹೇಳಿಲ್ಲ: ಚಕ್ರ ನಮ್ಮದು, ಕಿರೀಟ ಇನ್ನೂ ಅವರದು. ಹುಲಿಯನ್ನು ಕೆಡವಿದ ಸಿಂಹದ ಜಾಗದಲ್ಲಿ ಯಾರನ್ನೂ ಕೆಡವದೆ ನಾಲ್ಕು ದಿಕ್ಕಿಗೆ ನೋಡುವ ಸಿಂಹಗಳು ಬಂದು ನಿಂತುದನ್ನು ಕಂಡು ಹೆಮ್ಮೆಪಡದ ಭಾರತೀಯನಿರಲಾರನು. 1948ರ ಜನವರಿ 1ರೊಳಗೆ ಒಕ್ಕೂಟಕ್ಕೆ ಸೇರಿದ ಸಂಸ್ಥಾನಗಳ ಸೈನ್ಯಗಳಿಗೂ ಆ ಪದಕವು ಸಂದಿತು. ಹೈದರಾಬಾದು ಆ ದಿನಕ್ಕೆ ಸೇರಿರಲಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನಡೆದು, 17ರಂದು ನಿಜಾಮನು ಶರಣಾದನು. ಮರುವರ್ಷ ಜಹಗೀರುಗಳೊಡನೆ ಮಹಾರಾಣಿ ಆದಿಲಕ್ಷ್ಮೀ ದೇವಮ್ಮನವರ ಗದ್ವಾಲ ಸಂಸ್ಥಾನವೂ ಮುಗಿಯಿತು. ಹಾಲಿ ಸಿಕ್ಕಾ ಮಾತ್ರ ಇನ್ನೂ ಕೆಲವು ವರ್ಷ ಕಲ್ದಾರದ ಪಕ್ಕದಲ್ಲಿ ನಡೆಯಿತು.

ಇದಾದ ಮೇಲೆ 1956ರ ನವೆಂಬರ್ 1 ಬಂದಿತು. ಅದುವರೆಗೆ ರಾಯಚೂರು ಜಿಲ್ಲೆಗೆ ಸೇರಿದ್ದ ಗದ್ವಾಲ, ಆಲಂಪುರ ತಾಲೂಕುಗಳು ಮಹಬೂಬನಗರ ಜಿಲ್ಲೆಗೆ ಸೇರಿ ಆಂಧ್ರ ಪ್ರದೇಶದ ಪಾಲಾದವು. ರಾಯಚೂರು ಮೈಸೂರು ರಾಜ್ಯಕ್ಕೆ ಬಂದಿತು. ಮಕ್ತಲದ ಕಡೆಯ ಕೃಷ್ಣಾ, ಮಾಗನೂರು ಸುತ್ತಿನ ಕನ್ನಡದ ಹಳ್ಳಿಗಳು ಗಡಿಯ ಆಚೆಗೇ ಉಳಿದವು. ರಕ್ತ ಹರಿಯದೆ, ನುಡಿಯನ್ನು ಆಧಾರವಾಗಿ ಹಿಡಿದು ರಾಜ್ಯಗಳ ಎಲ್ಲೆಯನ್ನು ಎಳೆದುದು ದೋಆಬಿನ ಚರಿತ್ರೆಯಲ್ಲಿ ಅದೇ ಮೊದಲು. ಆ ಗೆರೆಯ ಎರಡು ಕಡೆಯಲ್ಲಿಯೂ ನುಡಿಗಳು ಬೆರೆತೇ ಇದ್ದುವಾದುದರಿಂದ ಅದು ಎಲ್ಲರಿಗೂ ನ್ಯಾಯವನ್ನು ಕೊಡಲಾರದೆ ಹೋಯಿತು. ಆ ಹಳ್ಳಿಗಳ ಕನ್ನಡ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಕನ್ನಡದ ಅಕ್ಷರವನ್ನು ತಿದ್ದುತ್ತಾರೆ, ಮನೆಗೆ ಬಂದ ಸರಕಾರದ ಕಾಗದವನ್ನು ತೆಲುಗಿನಲ್ಲಿ ಓದುತ್ತಾರೆ. ಪಾನಗಲ್ಲಿನ ಕೌಲಿನಿಂದ ಮೊದಲುಗೊಂಡ ಈ ಚರಿತ್ರೆಯನ್ನು ಮುಂದೆ ಬರೆಯುವವರು ವಸ್ತುಸಂಗ್ರಹಾಲಯಗಳ ಚಿನ್ನ ಬೆಳ್ಳಿಗಳೊಡನೆ ಆ ಶಾಲೆಗಳ ಹಾಜರಿಪುಸ್ತಕಗಳನ್ನೂ, ಆ ಊರುಗಳ ಪಹಣಿಗಳನ್ನೂ, ರಾಯಚೂರಿನ ಗೋಡೆಯಲ್ಲಿ ಬಂಡಿಯನ್ನೆಳೆಯುವ ಕೋಣಗಳ ಸಾಲನ್ನೂ ತಮ್ಮ ಆಧಾರಗಳ ಪಟ್ಟಿಗೆ ಸೇರಿಸಿಕೊಳ್ಳಬೇಕು.